ಮನೆ ತಪ್ಪಿದ ಗುಂಡಿ

ಬೆಳಗಿನ ಐದೂಕಾಲು. ಹೊಳೆನರಸೀಪುರದಲ್ಲಿ ದೇವಸ್ಥಾನದ ಹಿಂದಿನ ಬೀದಿಗೆ ಹಾಲಿನವನ ಸೈಕಲ್ಲು ಇನ್ನೂ ಬಂದಿಲ್ಲ. ನಡುಮನೆಯ ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತ ಹಂಸ ಒಂದು ಗುಂಡಿಗೆ ನೆರಳು ಬಳಿಯುತ್ತಿದ್ದಾರೆ. ಅಂಗಿಯ ಗುಂಡಿಯಲ್ಲ, ಹಳೆಯ ರೇಡಿಯೋದಲ್ಲಿ ಕಿವಿ ಹಿಂಡಿದ ಹಾಗೆ ತಿರುಗಿಸುತ್ತಿದ್ದೆವಲ್ಲ, ಆ ಗುಂಡಿ. ಆರು ಗಂಟೆಗೆ ಕರೆಂಟು ಹೋಗುತ್ತದೆ. ಅಷ್ಟರೊಳಗೆ ಇನ್ನು ಹದಿನಾಲ್ಕು ಚಿತ್ರ ಮುಗಿಯಬೇಕು.

“ಗುಂಡಿ ತಿರುಗ್ಬೇಕು, ನೆರಳು ತಿರುಗ್ಬಾರ್ದು,” ಎನ್ನುತ್ತಾರೆ ಅವರು, ಪರದೆಯಿಂದ ಕಣ್ಣು ಕೀಳದೆ. “ಬೆಳಕು ಒಂದೇ ಕಡೆಯಿಂದ ತಾನೇ ಬರೋದು? ನೆರಳೂ ಸುತ್ತಿದ್ರೆ ನೋಡೋರಿಗೆ ಏನೋ ಸರಿಯಿಲ್ಲ ಅನ್ಸತ್ತೆ. ಏನು ಅಂತ ಮಾತ್ರ ಗೊತ್ತಾಗಲ್ಲ.”

ನಮ್ಮ ಕಣ್ಣಿಗೆ ಗುಂಡಿ ತಿರುಗಿದಂತೆ ಕಾಣುವುದೆಲ್ಲ ಕಣ್ಕಟ್ಟು. ಒಂದೊಂದು ಗುಂಡಿಗೂ ನೂರಾ ಒಂದು ಚಿತ್ರಗಳಿವೆ. ಮೌಸು ಸರಿದಂತೆ ಒಂದು ಹೋಗಿ ಇನ್ನೊಂದು ಬರುತ್ತದೆ. ಒಂದು ಪರದೆಗೆ ಹನ್ನೊಂದು ಗುಂಡಿ ಎಂದರೆ ಸಾವಿರದ ನೂರಾ ಹನ್ನೊಂದು ಚಿತ್ರ. ಇಷ್ಟನ್ನೂ ಒಬ್ಬರೇ ಕೂತು ಬರೆಯುತ್ತಾರೆ ಎಂದರೆ ಅವರ ಬೀದಿಯವರೇ ನಂಬುವುದಿಲ್ಲ. ಹಂಸಮ್ಮ ಕಂಪ್ಯೂಟರಿನಲ್ಲಿ ಮದುವೆ ಕಾರ್ಡು ಮಾಡುತ್ತಾರೆ ಎಂದೇ ಅವರೆಲ್ಲ ತಿಳಿದಿರುವುದು.

ಅದೂ ಪೂರ್ತಿ ಸುಳ್ಳಲ್ಲ. ತೊಂಬತ್ತೆರಡರಲ್ಲಿ ಕನ್ನಡ ಟೈಪಿಂಗ್ ಸೀನಿಯರ್ ಪಾಸು ಮಾಡಿ, ಹಾಸನದ ಒಂದು ಪ್ರೆಸ್ಸಿನಲ್ಲಿ ಎಂಟು ವರ್ಷ ಲಗ್ನಪತ್ರಿಕೆ ಜೋಡಿಸಿದವರು ಅವರು. ದಿನಾ ಎರಡು ಬಸ್ಸು, ಟಿಫಿನ್ ಡಬ್ಬಿ, ಸಂಜೆ ಬೆನ್ನುನೋವು. ತನ್ನ ವಾದ್ಯಗಳಿಗೆ ಲೇಬಲ್ಲು ಮಾಡಿಸಲು ಅಲ್ಲಿಗೆ ಬರುತ್ತಿದ್ದ ಇಂಜಿನಿಯರ್ ಜಯಂತ್, ಹಂಸ ಅವರ ಕೈಚಳಕ ಕಂಡು ಈ ಕೆಲಸಕ್ಕೆ ಕರೆದ. ಜಯಂತ್ ಬರೆದಿರುವುದು ಸಾಫ್ಟ್‌ವೇರ್ ಸಿಂಥಸೈಜರ್. ಮರ, ತಿದಿ, ತಂತಿ ಒಂದೂ ಇಲ್ಲದೆ ಕಂಪ್ಯೂಟರೇ ಹಾರ್ಮೋನಿಯಂ, ತಂಬೂರಿಗಳ ನಾದ ಹೊರಡಿಸುತ್ತದೆ. ನಾದ ಅವನದು, ಅದರ ಮುಖ, ಅಂದರೆ ಪರದೆಯ ಮೇಲಿನ ಗುಂಡಿ, ಅಕ್ಷರ, ಬಣ್ಣ ಎಲ್ಲ ಹಂಸ ಅವರದು. ಸಂಗೀತ ಬರುತ್ತದೆಯೇ ಎಂದರೆ ನಗುತ್ತಾರೆ. “ನಮ್ಮನೇಲಿ ಸಂಗೀತ ಅಂದ್ರೆ ರೇಡಿಯೋ.”

ಈ ಸಂಗೀತ ಬಾರದ್ದೇ 2005ರ ಮಾರ್ಚಿನಲ್ಲಿ ಅವರ ಕುತ್ತಿಗೆಗೆ ಬಂತು.

ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದಲ್ಲಿ ರಂಗಸ್ವಾಮಿ ಎಂಬ ನಾಟಕದ ಮೇಷ್ಟ್ರಿದ್ದಾರೆ. ಮೂವತ್ತು ವರ್ಷದಿಂದ ಊರವರಿಗೆ ಪೌರಾಣಿಕ ನಾಟಕ ಕಲಿಸುತ್ತಿರುವವರು. ಲಕ್ವ ಹೊಡೆದು ಅವರ ಎಡಗಾಲು ಸೋತಿತು. ಕಾಲಿನಲ್ಲಿ ತಿದಿ ಒತ್ತಿ ನುಡಿಸುವ ಕಾಲ್ಪೆಟ್ಟಿಗೆಗೆ ಕಾಲೇ ಇಲ್ಲವೆಂದರೆ ಮಾಡುವುದೇನು? ಸುದ್ದಿ ತಿಳಿದ ಜಯಂತ್ ಒಂದು ಹಳೆಯ ಕಂಪ್ಯೂಟರಿಗೆ ಹಾರ್ಮೋನಿಯಂನಂಥ ಪಟ್ಟಿಗಳ ಸಾಲು ಜೋಡಿಸಿ, ತನ್ನ ಪ್ರೋಗ್ರಾಮು ಹಾಕಿ, ಹಾಲಿನ ಡೈರಿಯ ಹಿಂದಿನ ತಾಲೀಮಿನ ಕೋಣೆಯಲ್ಲಿಟ್ಟು ಬಂದ. ಹದಿನೈದು ದಿನ ನೋಡೋಣ, ಆಗದಿದ್ದರೆ ಚನ್ನರಾಯಪಟ್ಟಣದಿಂದ ಬೇರೆ ಮೇಷ್ಟ್ರನ್ನು ಕರೆಸೋಣ ಎಂದು ತಂಡದವರು ತೀರ್ಮಾನಿಸಿದರು.

ಆರನೆಯ ದಿನಕ್ಕೆ ಮೇಷ್ಟ್ರಿಂದ ಫೋನು ಬಂತು: ಪೆಟ್ಟಿಗೆ ತೆಗೆದುಕೊಂಡು ಹೋಗಿ. ಕುಣಿಯಲಾರದವರಿಗೆ ನೆಲ ಡೊಂಕು ಎಂದ ಜಯಂತ್. ಹಂಸ ಅವರಿಗೂ ಅರ್ಧ ಹಾಗೆಯೇ ಅನ್ನಿಸಿತ್ತಂತೆ. ಆದರೂ ಮನಸ್ಸು ತಡೆಯದೆ ಅರಕಲಗೂಡಿಗೆ ಹೋಗಿ, ಬಸ್ಸು ಬದಲಿಸಿ ಮಲ್ಲಿಪಟ್ಟಣಕ್ಕೆ ಹೋದರು.

ಮೇಷ್ಟ್ರು ಕೋಲು ಊರಿಕೊಂಡು ಬಂದು ತೋರಿಸಿದರು. “ನಮ್ ದೇವರಾಜ, ರಾಜನ್ ಪಾರ್ಟಿನ್ ಪದ ಆಡ್ತಿದ್ದ ತಾಯಿ. ಗಂಟ್ಲು ಮ್ಯಾಕೆ ಅತ್ತಲಿಲ್ಲ. ಒಂದ್ ಮನೆ ಇಳಿಸನಾ ಅಂತ ಮನೆ ಒತ್ದೆ. ಪೆಟ್ಗೆ ಬಾಯ್ ಮುಚ್ಕಂಡ್ಬುಡ್ತು. ಅವ್ನು ಬಾಯ್ ಬುಟ್ಕಂಡ್ ನಿಂತವ್ನೆ. ಎಲ್ರೂ ನನ್ ಮೊಕ ನೋಡೋರೇ.”

“ಮನೆ ಅಂದ್ರೆ ಯಾವುದನ್ನ ಒತ್ತಿದ್ರಿ ಮೇಷ್ಟ್ರೇ?”

“ಇಲ್ಲೇ ಬರ್ದದಲ್ಲವ್ವಾ, ಮನೆ ಅಂತವ.”

ಹಾರ್ಮೋನಿಯಂನ ಒಂದೊಂದು ಪಟ್ಟಿಯೂ ಒಂದೊಂದು ಮನೆ. ಒಂದು ಮನೆ, ಒಂದೂವರೆ ಮನೆ, ಎರಡು ಮನೆ ಎಂದೇ ಈ ಸೀಮೆಯಲ್ಲಿ ಶ್ರುತಿ ಹೇಳುವುದು. ಜಯಂತನ ಇಂಗ್ಲಿಷ್ ಪರದೆಯಲ್ಲಿ ಮೂಲೆಗೊಂದು ‘ಹೋಮ್’ ಇತ್ತು. ಒತ್ತಿದರೆ ಎಲ್ಲವನ್ನೂ ನಿಲ್ಲಿಸಿ ಮೊದಲ ಪುಟಕ್ಕೆ ಕರೆದೊಯ್ಯುತ್ತದೆ. ಕನ್ನಡ ಮಾಡುವಾಗ ಹಂಸ ಅದಕ್ಕೆ ‘ಮನೆ’ ಎಂದು ಬರೆದಿದ್ದರು. ಶ್ರುತಿ ಬದಲಿಸುವ ಗುಂಡಿಯ ಸುತ್ತ ಮಾತ್ರ ಇಂಗ್ಲಿಷ್ ಅಕ್ಷರಗಳನ್ನೇ ಬಿಟ್ಟಿದ್ದರು. ನೆಲವೇ ಡೊಂಕಾಗಿತ್ತು.

“ಮೇಷ್ಟ್ರೇ, ನೀವು ಒತ್ತಿದ್ದು ಸರಿ. ನಾನು ಬರೆದಿದ್ದೇ ತಪ್ಪು,” ಎಂದರು ಹಂಸ.

ರಂಗಸ್ವಾಮಿ ಕೇಳಿದರು: “ಅಂಗಾರೆ ನನ್ ತಲೆ ಕೆಟ್ಟಿಲ್ವಾ?”

ಕಾಲಿನ ಹಿಂದೆಯೇ ಬುದ್ಧಿಯೂ ಹೋಗುತ್ತಿದೆ ಎಂದು ಆ ಮನುಷ್ಯ ಹೆದರಿಬಿಟ್ಟಿದ್ದರು. “ಎಲ್ಡ್ ದಿನದಿಂದ ನೆಟ್ಗೆ ಉಂಡಿಲ್ಲ ಕಣ್ರವ್ವ,” ಎಂದರು ಪಕ್ಕದಲ್ಲಿದ್ದ ಹೆಂಡತಿ ಚಿಕ್ಕಲಕ್ಷ್ಮಮ್ಮ. ಮೇಷ್ಟ್ರು ಟವಲಿನಿಂದ ಮುಖ ಒರೆಸಿಕೊಂಡರು. ಬೆವರೋ ಕಣ್ಣೀರೋ ಎಂದು ಕೇಳುವ ಧೈರ್ಯ ಹಂಸ ಅವರಿಗೆ ಆಗಲಿಲ್ಲ. ತಮ್ಮ ಕಣ್ಣೂ ತುಂಬಿತ್ತು ಎಂದು ಮಾತ್ರ ಒಪ್ಪಿಕೊಳ್ಳುತ್ತಾರೆ.

ಇನ್ನೊಂದು ವಿಷಯವೂ ಅಲ್ಲೇ ಕಣ್ಣಿಗೆ ಬಿತ್ತು. ಮೇಷ್ಟ್ರು ಗುಂಡಿ ತಿರುಗಿಸಲು ಮೌಸನ್ನು ರಾಗಿಕಲ್ಲಿನಂತೆ ಸುತ್ತ ತಿರುಗಿಸುತ್ತಿದ್ದರು; ಪ್ರೋಗ್ರಾಮಿಗೋ ಮೌಸು ನೆಟ್ಟಗೆ ಮೇಲೆ ಕೆಳಗೆ ಸರಿದರಷ್ಟೇ ಅರ್ಥವಾಗುತ್ತದೆ. ಹಾಗಲ್ಲ, ಹೀಗೆ ಎಂದು ತೋರಿಸಹೋದರೆ, “ತಿರುಗುಸೋ ಗುಂಡೀನ ಎಳೀಬೇಕಾ? ಇದ್ಯಾವ್ ನ್ಯಾಯ ತಾಯಿ?” ಎಂದರು.

ಹಂಸ ಅಲ್ಲೇ ಕಾಗದ ಹಿಡಿದು ಕೂತರು. ಗುಂಡಿಗಳೇ ಬೇಡ, ಹಾರ್ಮೋನಿಯಂನ ಹಾಗೆ ಸಾಲಾಗಿ ದೊಡ್ಡ ದೊಡ್ಡ ಮನೆಗಳು, ಮೌಸು ಇಟ್ಟು ಒಮ್ಮೆ ಒತ್ತಿದರೆ ಸಾಕು ಎಂದು ಬರೆಯುತ್ತ ಹೋದರು. ಒಂದು, ಒಂದೂವರೆ, ಎರಡು, ಎರಡೂವರೆ, ಮೂರು, ಮೂರೂವರೆ. ಅಲ್ಲಿ ಮೇಷ್ಟ್ರು ತಡೆದರು. “ಮೂರೂವರೆ ಮನೆ ಯಾವೂರಲ್ಲೈತವ್ವ?” ಮೂರು ಮತ್ತು ನಾಲ್ಕರ ನಡುವೆ ಕರಿ ಪಟ್ಟಿಯೇ ಇಲ್ಲವೆಂದು ಹಂಸ ಕಲಿತದ್ದು ಆ ಹೊತ್ತು. ಚಿಕ್ಕಲಕ್ಷ್ಮಮ್ಮನವರೂ ನಕ್ಕರಂತೆ.

ಉಳಿದದ್ದು ಒಂಬತ್ತು ದಿನ. ಕರೆಂಟು ಇರುವ ಬೆಳಗಿನ ಹೊತ್ತೆಲ್ಲ ಅದಕ್ಕೇ ಹೋಯಿತು. ಸಾವಿರದ ನೂರಾ ಹನ್ನೊಂದು ಚಿತ್ರಗಳನ್ನು ಮೇಷ್ಟ್ರ ಪರದೆಯಿಂದ ತೆಗೆದುಹಾಕುವಾಗ ಹೊಟ್ಟೆ ಉರಿಯಲಿಲ್ಲವೇ? “ಉರೀದೆ ಇರುತ್ಯೇ? ಮೂರು ತಿಂಗಳ ಕೆಲಸ. ಆದ್ರೆ ಚೆನ್ನಾಗಿದೆ ಅಂತ ಇಟ್ಕೊಂಡಿದ್ರೆ, ಮೇಷ್ಟ್ರು ಮನೇಲಿ ಕೂರ್ಬೇಕಾಗಿತ್ತು.” ‘ಮನೆ’ ಎಂದಿದ್ದ ಕಡೆ ‘ಮೊದಲ ಪುಟ’ ಬಂತು. ಇದೇ ಪ್ರೋಗ್ರಾಮು ಕೊಳ್ಳುವ ಆರ್ಕೆಸ್ಟ್ರಾದವರಿಗೆ ಈಗಲೂ ಗುಂಡಿಯೇ ಬೇಕಂತೆ. ಇವತ್ತು ನೆರಳು ಬಳಿಯುತ್ತಿರುವುದು ಅವರಿಗಾಗಿ.

ಹದಿಮೂರನೆಯ ದಿನ ಮಧ್ಯಾಹ್ನ ಮಲ್ಲಿಪಟ್ಟಣದಲ್ಲಿ ಮತ್ತೆ ತಾಲೀಮು. ತಂಡದವರೆಲ್ಲ ಗೋಡೆಗೊರಗಿ ನಿಂತಿದ್ದರು. ಹಂಸ ಬಾಗಿಲ ಬಳಿ ಇದ್ದರು. ದೇವರಾಜ ಎತ್ತಿಕೊಂಡ ಪದ ಮೇಲೇರಿ ಬಿರುಕು ಬಿಟ್ಟಿತು. ಮೇಷ್ಟ್ರ ಕೈ ಒಮ್ಮೆ ಮೌಸಿನ ಕಡೆ ಹೋಗಿ ಬಂತು. ನಾದ ನಿಲ್ಲಲಿಲ್ಲ, ಒಂದು ಮನೆ ಇಳಿದು ಹಾಗೆಯೇ ಮುಂದುವರಿಯಿತು. ದೇವರಾಜನ ಗಂಟಲು ಕೂಡಿಕೊಂಡಿತು. “ಬೀಡಿ ಬುಡ್ಲಾ ಅಂದ್ರೆ ಕೇಳಲ್ಲ, ನೀನು,” ಎಂದು ಮೇಷ್ಟ್ರು ಅವನನ್ನು ಬೈದರು. ಮೂರು ಗಂಟೆ ಹೊತ್ತು ಬರೀ ಅವನನ್ನೇ ಬೈದರು. ಚನ್ನರಾಯಪಟ್ಟಣದ ಮಾತು ಯಾರೂ ಎತ್ತಲಿಲ್ಲ.

ಹೊರಡುವಾಗ ಹಂಸ ತಡೆಯಲಾರದೆ ಕೇಳಿದರು: “ಮೇಷ್ಟ್ರೇ, ಸ್ಕ್ರೀನು ಹೇಗಿತ್ತು?”

“ಯಾವ್ ಸ್ಕ್ರೀನವ್ವ?” ಎಂದರು ರಂಗಸ್ವಾಮಿ. “ನಾನು ಪೆಟ್ಗೆ ನುಡುಸ್ತಿದ್ದೆ.”

ಇದನ್ನು ಹೇಳಿ ಹಂಸ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತಾರೆ. “ಅವತ್ತು ಬಸ್ಸಲ್ಲಿ ಸೀಟು ಸಿಗ್ಲಿಲ್ಲ. ಅರಕಲಗೂಡಿನವರೆಗೂ ನಿಂತೇ ಬಂದೆ. ಬೆನ್ನು ನೋಯ್ಲೇ ಇಲ್ಲ.”