ಬಿಟ್ಟೆ ಎಂದವಳ ಬಟ್ಟಲು

ಐರ್ಲೆಂಡಿನ ಡ್ರೋಹೆಡಾದಲ್ಲಿರೋ ರಜನಿಗೆ ಜರ್ಮನಿಯ ಹುಚ್ಚು. ಸುಮ್ಮನೆ ಹುಚ್ಚಲ್ಲ, ಹಿಡಿದರೆ ಬಿಡದ ಹುಚ್ಚು. ವೃದ್ಧಾಶ್ರಮದಲ್ಲಿ ನರ್ಸ್ ಕೆಲಸ; ರಜೆ ಸಿಕ್ಕಿದ್ದೇ ತಡ, ಹೆಗಲಿಗೆ ಬ್ಯಾಗು.

"ಊರವರೆಲ್ಲ ಮೈ ಕಾಯಿಸೋಕೆ ಸ್ಪೇನಿಗೆ ಹೋದ್ರೆ, ನೀನು ಬಿದ್ದ ಗೋಡೆ ನೋಡೋಕೆ ಬರ್ಲಿನ್ನಿಗೆ ಹೋಗ್ತೀಯಲ್ಲೇ!" ಅಂತ ಗಂಡ ದಿಲೀಪ್ ರೇಗಿಸುತ್ತಿದ್ದ.

"ಬೀಳಿಸಿದೋರನ್ನ ಮಾತಾಡಿಸೋಕೆ ಹೋಗ್ತೀನಿ," ಅನ್ನೋಳು ರಜನಿ. ಮಾತಿನಲ್ಲಿ ಸೋಲೋ ಪೈಕಿಯೇ ಅಲ್ಲ.

ಜರ್ಮನಿಗೆ ಹೋದ ಮೊದಲ ಸಲ ಮಾತ್ರ ಸೋತಿದ್ದಳು. ಲೈಪ್‌ಜಿಗ್‌ನಲ್ಲಿ ತಂಗಿದ್ದ ಮನೆಯೊಡತಿ ಆಲೂಗಡ್ಡೆ ಸೂಪಿನ ಪಾತ್ರೆ ಹಿಡಿದು ಇನ್ನಷ್ಟು ಬೇಕಾ ಅಂದಾಗ, ನಮ್ಮವಳು ವಿನಯವಾಗಿ ನಗುತ್ತ "ಡಾಂಕೆ" ಅಂದಳು, ಥ್ಯಾಂಕ್ಸ್ ಅಂತ. ಪಾತ್ರೆ ವಾಪಸ್ ಹೋಯಿತು! ಅಲ್ಲಿ ಹಾಗಂದರೆ ಸಾಕು ಅಂತ ಅರ್ಥ. ಬೇಕಿದ್ದರೆ "ಬಿಟ್ಟೆ" ಅನ್ನಬೇಕಂತೆ, ದಯವಿಟ್ಟು ಅಂತ. ನಮ್ಮೂರು ದಾವಣಗೆರೆಯಲ್ಲಿ ಬಿಟ್ಟೆ ಅಂದವರ ಎಲೆ ಎತ್ತುತ್ತಾರೆ, ಇಲ್ಲಿ ಬಡಿಸುತ್ತಾರಲ್ಲಪ್ಪ ಅಂತ ಹಸಿದ ಹೊಟ್ಟೆಯಲ್ಲೇ ನಕ್ಕಿದ್ದಳು.

ಈ ಸಲ ರಜೆ ಮುಗಿಸಿ ಡ್ಯೂಟಿಗೆ ಬಂದರೆ, ಹೆಲ್ಗಾ ಅಜ್ಜಿ ಮೂರು ದಿನದಿಂದ ಊಟ ಮಾಡಿಲ್ಲ ಅಂದರು. ಮಹಾಯುದ್ಧ ಮುಗಿದ ಮೇಲೆ ಐದು ವರ್ಷದ ಮಗುವಾಗಿ ಜರ್ಮನಿಯಿಂದ ಬಂದು ಇಲ್ಲೇ ಬೆಳೆದವಳು. ಎಂಬತ್ತು ವರ್ಷದಿಂದ ಬಾಯಲ್ಲಿ ಬರೀ ಇಂಗ್ಲಿಷೇ. ಈಗ ಮರೆವಿನ ಕಾಯಿಲೆ. ಕೈ ನಡುಗುತ್ತದೆ, ಯಾರಾದರೂ ತಿನ್ನಿಸಬೇಕು. ನಾಳೆಗೂ ತಿನ್ನದಿದ್ದರೆ ಆಸ್ಪತ್ರೆಗೆ ಸಾಗಿಸಿ ಮೂಗಿಗೆ ಟ್ಯೂಬ್ ಹಾಕುತ್ತಾರೆ.

"ಅಕ್ಕಾ, ಬಿಪಿ ಎಲ್ಲ ಗ್ರ್ಯಾಂಡ್, ಏನೂ ತೊಂದ್ರೆ ಇಲ್ಲ. ಆದ್ರೆ ಏನು ಕೊಟ್ರೂ 'ಬಿಟರ್' ಅಂತಾರೆ, ಕಹಿಯಂತೆ," ಅಂದಳು ಜೊತೆಯ ನರ್ಸ್ ಗೀತಾ. "ಸಕ್ಕರೆ ಹಾಕಿದ್ರೂ ಅದೇ ರಾಗ. ತಟ್ಟೆ ಎತ್ತಿದ್ರೆ ಅಳ್ತಾರೆ."

ರಜನಿ ಎದುರಿಗೆ ಕೂತು ಸೂಪಿನ ಚಮಚ ಎತ್ತಿದಳು. ಅಜ್ಜಿಯ ತುಟಿ ಅಲುಗಿತು.

"ಬಿಟ್ಟೆ."

"ಕೇಳಿದ್ರಾ? ಮತ್ತದೇ ಬಿಟರ್!" ಅಂತ ಗೀತಾ ಬಟ್ಟಲಿಗೆ ಕೈ ಹಾಕಿದಳು.

"ಏ, ಮುಟ್ಟಬೇಡ ಕಣೇ!"

ರಜನಿ ಚಮಚವನ್ನು ಬಾಯಿಗಿಟ್ಟಳು. ಅಜ್ಜಿ ಗುಟುಕರಿಸಿದಳು. "ಬಿಟ್ಟೆ." ಇನ್ನೊಂದು ಚಮಚ. ಮತ್ತೊಂದು. ಬಟ್ಟಲು ಬರಿದಾದ ಮೇಲೆ "ಡಾಂಕೆ" ಅಂದು ಹಿಂದಕ್ಕೊರಗಿದಳು. ಅಯ್ಯೋ, ಕಲಿತ ಇಂಗ್ಲಿಷೆಲ್ಲ ಅಳಿಸಿಹೋಗಿ ಆ ಐದು ವರ್ಷದ ಮಗುವಿನ ಮಾತಷ್ಟೇ ಉಳಿದಿತ್ತು! ರಜನಿ ಅಜ್ಜಿಯ ಬಾಯಿ ಒರೆಸಿದಳು.

"ಮತ್ತೆ ಇಷ್ಟು ದಿನ ಬೇಡ ಅಂತಿದ್ರಲ್ಲಕ್ಕಾ?" ಗೀತಾಳ ಮುಖ ಬಿಳಿಚಿಕೊಂಡಿತ್ತು.

"ಬೇಡ ಅಂತಿರಲಿಲ್ಲ ಕಣೇ," ಅಂದಳು ರಜನಿ. "ಬೇಡ್ತಾ ಇದ್ರು."