ಅಕ್ಕನ ಕೈಗುಣ

ಅಕ್ಕನ ಬೀಜದ ಕಾಯಿಗಳು ಹುಟ್ಟಲಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಅವು ಹುಟ್ಟುತ್ತಿದ್ದವು. ನಾನು ಬಿಡಲಿಲ್ಲ. ಆಮೇಲೆ ಎಷ್ಟೋ ವರ್ಷ ಅದನ್ನು ಬಾಯಿಬಿಟ್ಟು ಹೇಳಲೂ ಇಲ್ಲ. ನಾನು ಓದಿದ್ದು ಮೂರನೇ ಕ್ಲಾಸು, ಬರೆಯುವುದು ನಿಧಾನ. ಆದರೂ ಇದನ್ನು ನಾನೇ ಬರೆಯಬೇಕು.

ನಮ್ಮೂರು ತಿಪಟೂರಿನ ಪಕ್ಕ. ಅಕ್ಕನನ್ನು ಕೊಟ್ಟಿದ್ದು ಹುಳಿಯಾರಿನ ಕಡೆಗೆ, ರಾಗಿ ಹುರುಳಿ ಬಿಟ್ಟರೆ ಬೇರೇನೂ ಬೆಳೆಯದ ಹೊಲದ ಮನೆಗೆ. ಎಪ್ಪತ್ತರ ದಶಕದ ಕೊನೆಯಲ್ಲಿ ಅವರು ಬಾವಿ ತೋಡಿಸಿದರು. ನೀರು ಬಿದ್ದಿದ್ದೇ ತಡ, ಅಕ್ಕ ಬಸ್ಸು ಹತ್ತಿ ಬಂದಳು. ನಮ್ಮ ಹಿತ್ತಲ ತೆಂಗಿನ ಮರದ ಸಸಿಗಳನ್ನೇ ಅಲ್ಲಿ ಇಡಬೇಕೆಂದು ಅವಳಿಗೆ ಆಸೆ. ಒಂದೊಂದು ಕಾಯಿಯನ್ನೂ ಕಿವಿಗೆ ಹಿಡಿದು ಅಲ್ಲಾಡಿಸಿ, ಒಳಗಿನ ನೀರಿನ ಸದ್ದು ಕೇಳಿ ಆರಿಸಿದಳು. ಬಚ್ಚಲ ಹಿಂದೆ ಮರಳಿನ ಪಾತಿ ಮಾಡಿ, ತೊಟ್ಟಿನ ಕಡೆ ಮೇಲೆ ಬರುವಂತೆ ಹೂತಳು.

"ದಿನಾ ನೀರು ಹಾಕು, ಮುಟ್ಬ್ಯಾಡ ಕಣೇ. ಯಾವಾಗ್ ಬತ್ತವೋ ಬರ್ಲಿ."

"ಬಂದ್ರೆ ನಂಗೇನ್ ಕೊಡ್ತೀಯ?"

"ಮೊದಲ್ನೇ ಎಳನೀರು."

"ಅಷ್ಟೊತ್ಗೆ ನಂಗೆ ಹಲ್ಲೇ ಇರಲ್ಲ."

"ಎಳನೀರಿಗೆ ಹಲ್ಯಾಕೇ, ತಿಕ್ಲೀ?"

ಅವಳು ನಗುತ್ತಲೇ ಹೋದಳು. ಮದುವೆಯಾಗಿ ಕೆಲವು ವರ್ಷವಾಗಿದ್ದರೂ ಅವಳಿಗಿನ್ನೂ ಮಕ್ಕಳಿರಲಿಲ್ಲ. ಹಾಗೆ ನಗುವುದು ಅಪರೂಪವಾಗಿತ್ತು.

ನೀರನ್ನು ನಾನು ಒಂದು ದಿನವೂ ತಪ್ಪಿಸಲಿಲ್ಲ. ತಿಂಗಳುಗಳು ಕಳೆದವು. ಎದ್ದ ಕೂಡಲೇ ಪಾತಿಯ ಹತ್ತಿರ ಓಡುತ್ತಿದ್ದೆ. ಒಂದು ಬೆಳಿಗ್ಗೆ ಒಂದು ಕಾಯಿಯ ಸಿಪ್ಪೆ ತೊಟ್ಟಿನ ಹತ್ತಿರ ಉಬ್ಬಿತ್ತು. ನಾರಿನ ನಡುವೆ ಕರುವಿನ ಹಲ್ಲಿನಷ್ಟು ಬಿಳಿ ತುದಿ. ಖುಷಿಗೆ ಅಳು ಬಂತು. ಆದರೆ ಎಷ್ಟು ದಿನ ಕಾದರೂ ಅದು ಅಲ್ಲೇ ನಿಂತಂತೆ ಕಂಡಿತು. ಇಷ್ಟು ಎಳೆಯದು ಅಷ್ಟು ಗಟ್ಟಿ ನಾರನ್ನು ಹೇಗೆ ಸೀಳೀತು? ಸಿಕ್ಕಿಕೊಂಡಿದೆ ಅಂದುಕೊಂಡೆ.

ನಮ್ಮದು ಕೊಬ್ಬರಿ ಮಾಡುವ ಮನೆ. ಕಾಯಿ ಕಂಡರೆ ಸುಲಿಯುವುದೇ ನಮಗೆ ಗೊತ್ತಿದ್ದ ಕೆಲಸ. ಮಚ್ಚು ತಂದು, ಮೊಳಕೆಗೆ ತಾಗದಂತೆ, ಮಗುವಿನ ಅಂಗಿ ಬಿಚ್ಚುವಷ್ಟು ಹುಷಾರಾಗಿ ಸಿಪ್ಪೆ ಬಿಡಿಸಿದೆ. ಬೆಳ್ಳನೆಯ ಮೊಳಕೆ ಪೂರ್ತಿ ಹೊರಗೆ ಕಂಡಿತು. ಮಿಕ್ಕವಕ್ಕೂ ಈ ಉಪಕಾರ ಆಗಲೆಂದು ಎಲ್ಲ ಕಾಯಿಗಳ ಕಣ್ಣಿನ ಸುತ್ತಲೂ ಸುಲಿದುಬಿಟ್ಟೆ. ಬಹುಪಾಲು ಕಾಯಿಗಳೊಳಗೆ ಮೊಳಕೆ ಇತ್ತು.

ಅವನ್ನು ಕಾಯುತ್ತಿದ್ದುದೇ ಆ ಸಿಪ್ಪೆ ಎಂದು ನನಗೆ ತಿಳಿಯಲಿಲ್ಲ. ಬಿಸಿಲಿಗೆ ಮೊಳಕೆಗಳು ಕಂದಿದವು, ಇರುವೆ ಮುತ್ತಿತು. ಇನ್ನಷ್ಟು ನೀರು ಹಾಕಿದೆ, ಸೆರಗು ನೆನೆಸಿ ಹೊದಿಸಿದೆ. ಒಂದೂ ಉಳಿಯಲಿಲ್ಲ.

ಅವ್ವ ಹೊಲಕ್ಕೆ ಹೋದಾಗ ಕಾಯಿಗಳನ್ನೆಲ್ಲ ಪೂರ್ತಿ ಸುಲಿದು ಸಿಪ್ಪೆಯನ್ನು ನೀರೊಲೆಗೆ ಹಾಕಿದೆ. ಕೊಳೆತ ಕಾಯಿಗಳನ್ನು ತಿಪ್ಪೆಯಲ್ಲಿ ಹೂತೆ.

ಅಕ್ಕ ಬುಟ್ಟಿ ಹಿಡಿದು ಬಂದಳು. ಜೊತೆಗೆ ಅವಳ ಅತ್ತೆ.

"ಒಂದೂ ಹುಟ್ಲಿಲ್ಲ ಕಣಕ್ಕ. ಕೊಳ್ತವು, ಬಿಸಾಕ್ದೆ," ಅಂದೆ.

ಅತ್ತೆ ಎಲೆಯಡಿಕೆ ಉಗಿದು, "ನಮ್ ಸೊಸೆ ಕೈಗುಣವೇ ಅಷ್ಟು ಬುಡಿ. ಏನಿಟ್ರೂ ಫಲ ಇಲ್ಲ," ಅಂದರು.

ಆಗಲಾದರೂ ಹೇಳಬಹುದಿತ್ತು. ಅಕ್ಕ ಪಾತಿಯ ಮುಂದೆ ಕೂತು ಮರಳನ್ನು ಬೆರಳಲ್ಲಿ ಕೆದಕಿದಳು. "ಒಂದೂ ಇಲ್ವಾ?" ಅಂದಳು. ಖಾಲಿ ಬುಟ್ಟಿಯಲ್ಲಿ ಅವ್ವ ಹಾಕಿದ ಹಪ್ಪಳ ಇಟ್ಟುಕೊಂಡು ಹೋದಳು.

ಮುಂದೆ ಅವಳಿಗೆ ಮಗಳು ಹುಟ್ಟಿದಳು. ಆದರೂ ಅಕ್ಕ ತನ್ನ ಕೈಯಿಂದ ಒಂದು ಬೀಜ ನೆಲಕ್ಕೆ ಹಾಕಲಿಲ್ಲ. ರಾಗಿ ಬಿತ್ತುವ ದಿನ ಅಡುಗೆಮನೆ ಬಿಟ್ಟು ಈಚೆ ಬರುತ್ತಿರಲಿಲ್ಲವಂತೆ. ಅದನ್ನು ಕೇಳಿದಾಗಲೆಲ್ಲ ಆ ನೀರೊಲೆಯ ಹೊಗೆ ನನಗೆ ನೆನಪಾಗುತ್ತಿತ್ತು.

ನಾನು ಮದುವೆಯಾಗಿ ದಬ್ಬೇಘಟ್ಟದ ಕಡೆ ಬಂದ ಮೇಲೆ, ಒಂದು ಮುಂಗಾರಿನಲ್ಲಿ ಅಕ್ಕ ಮಗಳನ್ನು ಕರೆದುಕೊಂಡು ಬಂದಳು. ಹಿತ್ತಲಲ್ಲಿ ತರಕಾರಿ ಮಡಿ ಮಾಡಿದ್ದೆ. ಹೀರೇ ಬೀಜವನ್ನು ಅವಳ ಕೈಗೆ ಕೊಟ್ಟೆ.

"ನನ್ ಕೈ ಬ್ಯಾಡ ಕಣೇ, ಮಗೀ ಕೈಲಿ ಹಾಕ್ಸು," ಎಂದು ಅವಳು ಬೀಜವನ್ನು ಮಗಳ ಅಂಗೈಗೆ ಸುರಿಯಲು ಹೋದಳು.

ನಾನು ಅವಳ ಮುಷ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. "ಅಕ್ಕ, ಅವತ್ತು ನಿನ್ ಕಾಯಿ ಮೊಳೆತಿದ್ವು. ಬೇಗ ಬರ್ಲಿ ಅಂತ ನಾನೇ ಸಿಪ್ಪೆ ಸುಲ್ದು ಸಾಯಿಸ್ದೆ."

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಮಡಿಯನ್ನೇ ನೋಡುತ್ತ ಕೇಳಿದಳು: "ಮೊಳ್ಕೆ ನೋಡಿದ್ಯಾ? ಹೆಂಗಿದ್ವು?"

"ಬೆಳ್ಳಗಿದ್ವು. ಕರುವಿನ್ ಹಲ್ಲಿನಂಗೆ. ನಿನ್ ಕೈ ಯಾವತ್ತೂ ಚೆನ್ನಾಗೇ ಇತ್ತು. ನಾನು ಸುಳ್ ಹೇಳ್ದೆ. ತಪ್ಪಾಯ್ತು ಕಣಕ್ಕ."