ಸೆರಗು ಎಂದು ಕೂಗಿದವರ ಮೇಲೆ ಕೇಸು

ಕೋವಿಡ್ ಮುಗಿದು ಜನ ಮತ್ತೆ ಆರ್‌ಟಿಒ ಕಚೇರಿಗೆ ಮುಗಿಬೀಳತೊಡಗಿದ್ದ ವರ್ಷ. ನಾನು ಆಗ ದಾವಣಗೆರೆಯಲ್ಲಿ ಹಿರಿಯ ಮೋಟಾರು ವಾಹನ ನಿರೀಕ್ಷಕಿ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಜನ ನಮ್ಮ ಹುದ್ದೆಯನ್ನು ಬ್ರೇಕ್ ಇನ್ಸ್‌ಪೆಕ್ಟರ್ ಎಂದೇ ಕರೆಯುವುದು. ಹೆಂಗಸಾದ ನಾನು ಅವರ ಬಾಯಲ್ಲಿ ಬ್ರೇಕ್ ಮೇಡಂ. ಲೈಸೆನ್ಸ್ ಪರೀಕ್ಷೆ, ಗಾಡಿ ರಸ್ತೆಗೆ ಯೋಗ್ಯವೇ ಎಂದು ನೋಡುವ ಎಫ್‌ಸಿ ನಮ್ಮ ನಿತ್ಯದ ಕೆಲಸ. ಅದರ ಜೊತೆಗೆ, ಅಪಘಾತವಾದ ಗಾಡಿಗಳನ್ನು ಪೊಲೀಸರ ಕೋರಿಕೆಯಂತೆ ಹೋಗಿ ನೋಡಿ, ಬ್ರೇಕ್ ಹಿಡಿಯುತ್ತಿತ್ತೇ, ಯಾವುದು ಯಾವುದಕ್ಕೆ ತಾಗಿದೆ, ಗಾಡಿಯಲ್ಲಿ ದೋಷವೇನಾದರೂ ಇತ್ತೇ ಎಂದು ವರದಿ ಕೊಡಬೇಕು. ಹಾಗೆ ನೋಡಿದ ಗಾಡಿಗಳಲ್ಲಿ ಹೆಚ್ಚಿನವು ಮರೆತುಹೋಗಿವೆ. ಒಂದರ ಸಿಟ್ಟು ಮಾತ್ರ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ಒಂದು ಬೆಳಿಗ್ಗೆ ಹರಿಹರದ ಪೊಲೀಸರಿಂದ ಫೋನ್ ಬಂತು. ಹಿಂದಿನ ದಿನ ಹಳೇ ಪಿ.ಬಿ. ರಸ್ತೆಯಲ್ಲಿ, ಹರಿಹರ ಇನ್ನೇನು ಬಂತು ಎನ್ನುವಲ್ಲಿ, ಬೈಕಿನ ಹಿಂದೆ ಕೂತಿದ್ದ ಹೆಂಗಸೊಬ್ಬರು ಬಿದ್ದಿದ್ದರು. ತಲೆಗೆ ಪೆಟ್ಟು, ಎಡಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದರು. ಲಗೇಜ್ ಆಟೋ ಒಂದು ಹಾರ್ನ್ ಹೊಡೆಯುತ್ತ ಬೆನ್ನಟ್ಟಿ ಬಂದು ಹಿಂದಿನಿಂದ ಗುದ್ದಿತು ಎಂದು ಗಂಡ ದೂರು ಕೊಟ್ಟಿದ್ದ. ರಸ್ತೆ ಬದಿಯ ಎಳನೀರಿನವನು ಕೂಡ ಆಟೋದ ಹಾರ್ನ್ ಬಿಡದೆ ಕೇಳುತ್ತಿತ್ತು ಎಂದಿದ್ದ. ಆಟೋ ಚಾಲಕನ ಮೇಲೆ ಕೇಸಾಗಿತ್ತು. ಎರಡೂ ಗಾಡಿ ಠಾಣೆಯ ಹಿಂದೆ ನಿಂತಿವೆ, ಬಂದು ನೋಡಿ ಎಂದರು.

ನಾನು ಹೋದಾಗ ಠಾಣೆಯ ಮುಂದೆ ಏಳೆಂಟು ಜನ ಗಲಾಟೆ ಮಾಡುತ್ತಿದ್ದರು. ಅವರ ಮುಂದಾಳು ಚಂದ್ರಪ್ಪ, ಗಾಯಗೊಂಡ ಶಶಿಕಲಾ ಅವರ ಅಣ್ಣ. ಹರಿಹರದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದವರು. ರಾತ್ರಿಯೆಲ್ಲ ನಿದ್ದೆ ಇಲ್ಲದೆ ಕಣ್ಣು ಕೆಂಪಾಗಿತ್ತು. ನನ್ನ ಜೀಪಿನ ಬಾಗಿಲಿಗೇ ಬಂದು ನಿಂತರು.

"ಮೇಡಮ್ಮಾರೆ, ಅವನು ಇನ್ನೊಂದ್ಸಲ ಆಟೋದ ಹ್ಯಾಂಡಲ್ ಮುಟ್ಟಬಾರ್ದು. ಹಂಗ ಬರೀರಿ. ನಿಮ್ಮ ಕೈಲಿ ಆಗಲ್ಲ ಅಂದ್ರ ಹೇಳಿಬಿಡ್ರಿ, ಅವನ ಕೈ ಏನು ಮಾಡಬೇಕು ಅಂತ ನಮಗ ಗೊತ್ತೈತೆ."

"ಮೊದಲು ಗಾಡಿ ನೋಡ್ತೀನಿ. ದೂರ ನಿಲ್ರಿ" ಎಂದೆ.

ಆಟೋ ಚಾಲಕ ಹನುಮಂತಪ್ಪನವರು ಠಾಣೆಯ ಹಿಂದಿನ ಜಗಲಿಯ ಮೇಲೆ ಕೂತಿದ್ದರು. ಐವತ್ತರ ಹತ್ತಿರದ ಮನುಷ್ಯ. ಅಂಗಡಿ, ಮನೆಗಳಿಗೆ ಕುಡಿಯುವ ನೀರಿನ ಕ್ಯಾನ್ ಹಾಕುವುದು ಅವರ ಕೆಲಸ. ಒಂದು ಕಣ್ಣು ಊದಿ ಪೂರ್ತಿ ಮುಚ್ಚಿಹೋಗಿತ್ತು, ತುಟಿ ಸೀಳಿತ್ತು. ಅಂಗಿಯ ತುಂಬ ಒಣಗಿದ ರಕ್ತ. ಇಷ್ಟೊಂದು ರಕ್ತ ಯಾರದು ಎಂದು ಕೇಳಿದೆ. "ನಂದು ಸ್ವಲ್ಪ ರೀ, ಅಕ್ಕಂದೇ ಹೆಚ್ಚು" ಎಂದರು.

ಆಮೇಲೆ ಅವರೇ ಹೇಳಿದರು. "ನಾನು ಗುದ್ದಿಲ್ರಿ. ಅಕ್ಕನ ಸೆರಗು ಜಾರಿ ಹಿಂದಿನ ಚಕ್ರದ ಹತ್ರ ಹಾರಾಡ್ತಿತ್ತು. ಹಾರ್ನ್ ಹೊಡದೆ. ಅಕ್ಕಾ, ಸೆರಗು, ಸೆರಗು ಅಂತ ಕೂಗಿದೆ. ಅವರು ನಿಲ್ಸೋದು ಬಿಟ್ಟು ಜೋರು ಮಾಡಿದ್ರು."

ನಾನು ಅವರನ್ನು ನಂಬಲಿಲ್ಲ, ನಂಬದೆಯೂ ಇರಲಿಲ್ಲ. ಅಪಘಾತವಾದ ಮೇಲೆ ಮನುಷ್ಯರು ಏನೇನೋ ಹೇಳುತ್ತಾರೆ, ಅದಕ್ಕೇ ಗಾಡಿಯನ್ನು ನೋಡುವುದು. ಆಟೋದ ಮುಂಭಾಗದಲ್ಲಿ ತಗ್ಗಿಲ್ಲ, ಗೀರಿಲ್ಲ. ಬಂಪರ್ ಮೇಲಿನ ದಿನಗಟ್ಟಲೆಯ ಧೂಳು ಕದಡದೆ ಹಾಗೇ ಇತ್ತು. ಮುಂದಿನ ಗಾಜು ಮಾತ್ರ ಒಡೆದಿತ್ತು; ಅದನ್ನು ಒಡೆಯಲು ಎಸೆದ ಕಲ್ಲು ಸೀಟಿನ ಮೇಲೇ ಬಿದ್ದಿತ್ತು. ಚಂದ್ರಪ್ಪನವರ ಕಡೆಯ ಒಬ್ಬ ಆ ಕಲ್ಲನ್ನು ನೋಡಿ ಮುಖ ಆಚೆ ತಿರುಗಿಸಿದ.

ಇನ್ನು ಬೈಕು. ದಪ್ಪ ಟೈರಿನ, ಎತ್ತರದ ಸೀಟಿನ, ಹುಡುಗರ ಹುಚ್ಚಿನ ಗಾಡಿ. ಹಿಂದಿನ ಲೈಟು, ನಂಬರ್ ಪ್ಲೇಟು, ಮಡ್‌ಗಾರ್ಡು ಎಲ್ಲವೂ ಹೊಸದರಂತೆ ಇದ್ದವು. ಹಿಂದಿನಿಂದ ಗುದ್ದಿಸಿಕೊಂಡ ಬೈಕಿನ ಹಿಂದಿನ ಲೈಟು ಉಳಿದದ್ದನ್ನು ನಾನು ಕಂಡವಳಲ್ಲ. ಎರಡೂ ಕಡೆ ಕನ್ನಡಿ ಇರಲಿಲ್ಲ, ಅವುಗಳ ತೂತಿಗೆ ರಬ್ಬರ್ ಬಿರಡೆ ಹಾಕಿತ್ತು. ಹಿಂದಿನ ಚಕ್ರದ ಎಡಬದಿಯಲ್ಲಿ ಸಾರಿ ಗಾರ್ಡ್ ಇರಲಿಲ್ಲ. ಹಿಂದೆ ಕೂತವರ ಸೀರೆ, ದುಪಟ್ಟಾ ಚಕ್ರಕ್ಕೆ ಸಿಗದಂತೆ ತಡೆಯುವ ಕಬ್ಬಿಣದ ಜಾಲರಿ ಅದು. ಹೊಸ ಗಾಡಿಯ ಜೊತೆಗೇ ಬರುತ್ತದೆ, ಇರಲೇಬೇಕು ಎಂದು ನಿಯಮವೂ ಇದೆ. ನಮ್ಮ ಊರಿನ ಗಂಡಸರು ಮಾತ್ರ ಗಾಡಿಗೆ ಪೂಜೆ ಮಾಡಿಸುವ ಮೊದಲೇ ಅದನ್ನು ಬಿಚ್ಚಿಸುತ್ತಾರೆ. ನಾನು ಮಂಡಿಯೂರಿ ಟಾರ್ಚ್ ಬಿಟ್ಟು ನೋಡಿದೆ. ಚೈನಿನ ಹಲ್ಲುಚಕ್ರಕ್ಕೂ ಚಕ್ರದ ನಡುವಿನ ಗುಂಬವಾದ ಹಬ್ಬಿಗೂ ನಡುವೆ ತಿಳಿ ಹಸಿರು ಸೀರೆ ಸುತ್ತಿಕೊಂಡು ಹಗ್ಗದಷ್ಟು ಬಿಗಿಯಾಗಿತ್ತು. ಬ್ಲೇಡು ತರಿಸಿ ಕೊಯ್ಯಬೇಕಾಯಿತು.

ಗಂಡ ಮಂಜುನಾಥ ಅಲ್ಲೇ ನಿಂತಿದ್ದ. ಹನುಮಂತಪ್ಪನವರಿಗೆ ಕೊಟ್ಟ ಬಹುವಚನವನ್ನು ಇವನಿಗೆ ಕೊಡಲು ನನ್ನ ಕೈ ಬರುವುದಿಲ್ಲ. ನಿಜಲಿಂಗಪ್ಪ ಬಡಾವಣೆಯಲ್ಲಿ ಮನೆ, ಅಂಗಡಿಗಳಿಗೆ ಸಿಸಿ ಕ್ಯಾಮೆರಾ ಹಾಕುವ ಕೆಲಸ. ಊರವರ ಬೆನ್ನ ಹಿಂದೆ ಏನು ನಡೆಯುತ್ತಿದೆ ಎಂದು ತೋರಿಸಿ ಹೊಟ್ಟೆ ಹೊರೆಯುವವನಿಗೆ ತನ್ನ ಬೆನ್ನ ಹಿಂದೆ ನೋಡಲು ಒಂದು ಕನ್ನಡಿ ಬೇಡವಾಗಿತ್ತು. ಮೊಣಕೈಗೆ ಸಣ್ಣದೊಂದು ಪಟ್ಟಿ ಬಿಟ್ಟರೆ ಮೈಮೇಲೆ ಗಾಯವಿಲ್ಲ. ಬೀಳುವಾಗ ಅವನು ಹೆಲ್ಮೆಟ್ ಹಾಕಿದ್ದ.

"ಕನ್ನಡಿ ಎಲ್ಲಿ?"

"ತೆಗ್ಸಿದ್ದೆ ಮೇಡಂ. ಟ್ರಾಫಿಕ್‌ನಾಗೆ ಅಡ್ಡ ಬರ್ತಾವೆ."

"ಸಾರಿ ಗಾರ್ಡ್?"

"ಶೋರೂಮ್‌ನಾಗೇ ಬಿಚ್ಚಿಸಿದ್ದು. ಇದ್ರೆ ಲುಕ್ ಬರಲ್ಲ."

"ಹೆಂಡತಿಗೆ ಹೆಲ್ಮೆಟ್?"

"ನೆಂಟರ ಮನೆ ಸೀಮಂತಕ್ಕೆ ಹೊರಟಿದ್ವಿ. ಹೂ ಮುಡ್ಕಂಡಿದ್ಲು ಮೇಡಂ."

"ಆಯ್ತು. ಆಟೋ ಎಲ್ಲಿ ಗುದ್ದಿತು, ಬೆರಳಿಟ್ಟು ತೋರಿಸು."

ಅವನು ಬೈಕನ್ನು ಒಂದು ಸುತ್ತು ಹಾಕಿದ. ಬೆರಳಿಡಲು ಜಾಗ ಸಿಗಲಿಲ್ಲ. ಅಷ್ಟರಲ್ಲಿ ಚಂದ್ರಪ್ಪ ನನ್ನ ಕೈಯಲ್ಲಿದ್ದ ಸೀರೆಯ ತುಂಡನ್ನು ಕಂಡರು. ಅದು ಚಕ್ರದೊಳಗಿಂದ ಬಂದದ್ದೆಂದು ಅವರಿಗೆ ಹೇಳಬೇಕಾಗಲಿಲ್ಲ, ಕೊಯ್ಯುವುದನ್ನು ನೋಡಿದ್ದರು. ಒಂದೇ ನೆಗೆತಕ್ಕೆ ಹೋಗಿ ತಂಗಿಯ ಗಂಡನ ಕೊರಳಪಟ್ಟಿ ಹಿಡಿದರು.

"ಯಾಕಲೇ ಸುಳ್ಳು ಹೇಳಿದಿ? ಯಾರನ್ನ ಹೊಡಿಸಿದಿ ನನ್ನ ಕೈಲಿ?"

ಉತ್ತರ ಜಗಲಿಯ ಕಡೆಯಿಂದ ಬಂತು. ಹನುಮಂತಪ್ಪನವರು ಒಂದೊಂದಾಗಿ ಹೇಳಿದರು. ಆಕೆ ಬಿದ್ದ ಕೂಡಲೇ ಇವರು ಆಟೋದಲ್ಲಿದ್ದ ಕ್ಯಾನುಗಳನ್ನೆಲ್ಲ ರಸ್ತೆ ಬದಿಗೆ ಎಸೆದು ಜಾಗ ಮಾಡಿದ್ದರು. ಆಕೆಯನ್ನು ಎತ್ತಿ ಮಲಗಿಸಿದ್ದರು. ಮಂಜುನಾಥ ಅದೇ ಆಟೋದಲ್ಲಿ ಹೆಂಡತಿಯ ತಲೆ ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಬಂದಿದ್ದ. ಹೆಂಡತಿಯ ಕಡೆಯವರು ಓಡಿಬಂದು, ಹೆಂಗಾತು, ಯಾರು ಮಾಡಿದ್ರು ಎಂದು ಮೈಮೇಲೆ ಬಿದ್ದಾಗ ಹೆದರಿಬಿಟ್ಟ. ಬಾಗಿಲಲ್ಲಿ ನಿಂತಿದ್ದ ಹನುಮಂತಪ್ಪನವರ ಕಡೆ ಕೈ ತೋರಿಸಿದ. ಅವರನ್ನು ಆಸ್ಪತ್ರೆಯ ಮೆಟ್ಟಿಲ ಮೇಲೇ ಕೆಡವಿ ಹೊಡೆದರು. ಇದನ್ನೆಲ್ಲ ಕೇಳಿದ ಮಂಜುನಾಥ ತಲೆ ತಗ್ಗಿಸಿದ.

ನನಗೆ ಮೈ ಉರಿಯಿತು. ಕನ್ನಡಿ ತೆಗೆಸಿದ್ದು ಮೂರ್ಖತನ ಎನ್ನಬಹುದು. ಇದಕ್ಕೆ ಹೆಸರಿಲ್ಲ. ಚಂದ್ರಪ್ಪ ಕೈ ಎತ್ತಿದ್ದರು, ಪೊಲೀಸರು ಬಿಡಿಸಲು ಬಂದರು. ಹೊಡೆಯಲಿ ಎಂದು ಒಂದು ಕ್ಷಣ ನನ್ನ ಮನಸ್ಸಿಗೂ ಬಂದದ್ದನ್ನು ಮುಚ್ಚಿಡುವುದಿಲ್ಲ. ಆದರೆ ಇವನಿಗೆ ಅಷ್ಟು ಅಗ್ಗದಲ್ಲಿ ಮುಗಿಯಬಾರದಿತ್ತು.

"ಬಿಡ್ರಿ ಅವನನ್ನ" ಎಂದೆ. "ನೀವು ಹೊಡೆದದ್ದು ಎರಡು ದಿನಕ್ಕೆ ಮಾಯುತ್ತೆ. ನಾನು ಬರೆಯೋದು ಮಾಯಲ್ಲ."

ವರದಿಯನ್ನು ಅಂದೇ ಬರೆದೆ. ಎರಡು ಗಾಡಿಗಳು ಒಂದಕ್ಕೊಂದು ತಾಗಿದ ಗುರುತಿಲ್ಲ, ಆಟೋದಲ್ಲಿ ದೋಷವಿಲ್ಲ, ಬೈಕಿಗೆ ಕನ್ನಡಿಯಿಲ್ಲ, ಸಾರಿ ಗಾರ್ಡ್ ಇಲ್ಲ, ಹಿಂದಿನ ಹಬ್ಬಿಗೆ ಸೀರೆ ಸುತ್ತಿಕೊಂಡಿತ್ತು. ಆದರೆ ನನ್ನ ವರದಿ ಗಾಡಿಗಳಷ್ಟನ್ನೇ ಹೇಳಬಲ್ಲದು. ಹನುಮಂತಪ್ಪನವರು ಬೆನ್ನಟ್ಟಿ ಹೆದರಿಸಿದರೋ, ಎಚ್ಚರಿಸಿದರೋ ಎನ್ನುವುದು ಕಬ್ಬಿಣದಲ್ಲಿ ಕಾಣುವುದಿಲ್ಲ. ಅದನ್ನು ಬಲ್ಲ ಮೂರನೆಯವರು ಶಶಿಕಲಾ ಒಬ್ಬರೇ, ಅವರು ಕಣ್ಣು ಬಿಟ್ಟಿರಲಿಲ್ಲ. ಪೊಲೀಸರು ಹನುಮಂತಪ್ಪನವರನ್ನು ಮನೆಗೆ ಕಳಿಸಿದರೂ ಕೇಸು ಅವರ ಹೆಸರಿನಲ್ಲೇ ಉಳಿಯಿತು. ಹೆಂಗಸನ್ನು ಗುದ್ದಿದವನೆಂದು ಎಷ್ಟೋ ಅಂಗಡಿಯವರು ಅವರಿಂದ ನೀರು ತರಿಸುವುದನ್ನು ಬಿಟ್ಟರು.

ಶಶಿಕಲಾ ಮಾತಾಡುವಂತಾಗಲು ಎರಡು ವಾರದ ಮೇಲೇ ಹಿಡಿಯಿತು. ಆಟೋದವರು ಗುದ್ದಲಿಲ್ಲ ಎಂದು ಅವರು ಪೊಲೀಸರ ಮುಂದೆ ಹೇಳಿಕೆ ಕೊಟ್ಟರು. ಹನುಮಂತಪ್ಪನವರ ಹೆಸರನ್ನು ಕೇಸಿನಿಂದ ಕೈಬಿಟ್ಟರು, ನಿರ್ಲಕ್ಷ್ಯದ ಚಾಲನೆಯ ಆರೋಪ ಮಂಜುನಾಥನ ಮೇಲೆ ಬಂತು. ಅವನ ಲೈಸೆನ್ಸ್ ಅಮಾನತಿಗೆ ನಾನೇ ಶಿಫಾರಸು ಮಾಡಿದೆ, ಅಮಾನತೂ ಆಯಿತು. ಅಲ್ಲಿಗೂ ನನ್ನ ಹೊಟ್ಟೆ ತಣ್ಣಗಾಗಲಿಲ್ಲ. ಲೈಸೆನ್ಸ್ ಪರೀಕ್ಷೆಯ ಮೈದಾನಕ್ಕೆ ಕನ್ನಡಿ, ಸಾರಿ ಗಾರ್ಡ್ ಇಲ್ಲದ ಬೈಕಿನಲ್ಲಿ ಯಾರೇ ಬರಲಿ, ಎಂಟರ ಆಕಾರದಲ್ಲಿ ಓಡಿಸಿ ನೋಡುವ ಮಾತಿರಲಿ, ಸ್ಟಾರ್ಟ್ ಮಾಡಲೂ ಬಿಡದೆ ವಾಪಸು ಕಳಿಸಿದೆ. ವಿದ್ಯಾನಗರದ ಹಾಸ್ಟೆಲ್ ಹುಡುಗರು ನನಗೆ ಇಟ್ಟ ಅಡ್ಡಹೆಸರನ್ನು ಇಲ್ಲಿ ಬರೆಯುವಂತಿಲ್ಲ. ನಿಯಮ ಪಾಲನೆ ಎಂದು ಕಚೇರಿಯಲ್ಲಿ ಹೊಗಳಿದರು. ನಿಜ ಹೇಳಬೇಕೆಂದರೆ ನಾನು ಸೇಡು ತೀರಿಸಿಕೊಳ್ಳುತ್ತಿದ್ದೆ.

ನಿವೃತ್ತಳಾಗಿ ಎಂ.ಸಿ.ಸಿ. ಬಡಾವಣೆಯ ಮನೆಯಲ್ಲಿ ಕೂತಿದ್ದಾಗ ಹರಿಹರದ ನ್ಯಾಯಾಲಯದಿಂದ ಸಾಕ್ಷಿ ಸಮನ್ಸ್ ಬಂತು. ಹೋದೆ. ಶಶಿಕಲಾ ಅವರನ್ನು ನಾನು ಕಣ್ಣಾರೆ ಕಂಡದ್ದು ಅಂದೇ ಮೊದಲು. ತೆಳ್ಳನೆಯ ಹೆಂಗಸು, ಮನೆಯಲ್ಲೇ ಬ್ಲೌಸ್ ಹೊಲಿಯುವವರು. ಎಡಗಾಲು ಮಡಚುತ್ತಿರಲಿಲ್ಲ, ಊರುಗೋಲು ಹಿಡಿದು ಅಣ್ಣನ ಜೊತೆ ಬಂದಿದ್ದರು. ಗಂಡಹೆಂಡತಿ ಇನ್ನೂ ಒಂದೇ ಮನೆಯಲ್ಲಿದ್ದರು. ಹನುಮಂತಪ್ಪನವರೂ ಸಾಕ್ಷಿ, ಅವರು ದೂರದ ಕಂಬಕ್ಕೆ ಒರಗಿ ನಿಂತಿದ್ದರು.

ಮಂಜುನಾಥ ಹೆಂಡತಿಯ ಪಕ್ಕ ಬೆಂಚಿನ ತುದಿಯಲ್ಲಿ ಕೂತು ತಗ್ಗಿದ ದನಿಯಲ್ಲಿ ಗೋಗರೆಯುತ್ತಿದ್ದ. ಎರಡು ಮಾರು ದೂರದಲ್ಲಿದ್ದ ನನಗೆ ಕೇಳಿಸಿತು. "ಶಶಿ, ತಲೆಗೆ ಪೆಟ್ಟು ಬಿದ್ದಿತ್ತು, ನೆನಪಿಲ್ಲ ಅಂದುಬಿಡು. ಆಟೋದವನ ಮೇಲಿನ ಕೇಸು ಹೋತಲ್ಲ. ಇನ್ಯಾರಿಗೆ ನಷ್ಟ ಐತೆ ಹೇಳು."

ಆಕೆ ಊರುಗೋಲನ್ನು ಗೋಡೆಗೆ ಒರಗಿಸಿ ಸೆರಗು ಸರಿಮಾಡಿಕೊಂಡರು, ಅಷ್ಟೇ. ಮನೆಯೊಳಗಿನ ಕೇಸುಗಳಲ್ಲಿ ಸಾಕ್ಷಿ ಹೇಳಬೇಕಾದವರು ನೆನಪಿಲ್ಲ ಎಂದು ಇಳಿದುಹೋಗುವುದನ್ನು ಸರ್ವೀಸಿನ ಉದ್ದಕ್ಕೂ ಕಂಡಿದ್ದೆ. ಇವರೂ ಹಾಗೇ ಮಾಡುತ್ತಾರೆ, ಇವನು ನಗುತ್ತ ಮನೆಗೆ ಹೋಗುತ್ತಾನೆ ಎಂದುಕೊಂಡೆ.

ಸಾಕ್ಷಿಯ ಕಟಕಟೆ ಹತ್ತಲು ಅವರಿಗೆ ಕಷ್ಟವಾಯಿತು. ಕುರ್ಚಿ ಕೊಡಿಸಿದರು, ಬೇಡವೆಂದು ನಿಂತೇ ಹೇಳಿದರು. "ಹಿಂದಿನ ಗಾಡಿಯೋರು ಅಕ್ಕಾ, ಸೆರಗು ಅಂತ ಕೂಗಿದ್ದು ನನಗ ಕೇಳಿಸ್ತು. ಇವರ ಬೆನ್ನು ತಟ್ಟಿ ನಿಲ್ಸ್ರಿ ಅಂದೆ. ಇವರು ಆ ಗಾಡಿಯೋರಿಗೆ, ಹಾರ್ನ್ ಹೊಡೀತೀಯೇನಲೇ, ನಿನಗ ದಾರಿ ಬಿಡಲ್ಲ ಅಂತ ಕೂಗಿ, ಗಾಡಿ ಇನ್ನೂ ಜೋರು ಮಾಡಿದ್ರು. ಸೆರಗು ಎಳಕೊಳ್ಳೋದ್ರೊಳಗೆ ಬಿದ್ದಿದ್ದೆ."

ಮಂಜುನಾಥನ ಪರ ವಕೀಲರು ಎದ್ದರು. ವಯಸ್ಸಾದವರು, ಇಂಥವನ್ನು ಎಷ್ಟೋ ಕಂಡವರು. "ನೋಡಮ್ಮ, ನೀವು ಸೆರಗು ಸೊಂಟಕ್ಕೆ ಸಿಗಿಸಿರಲಿಲ್ಲ. ಹೆಲ್ಮೆಟ್ ಹಾಕಿರಲಿಲ್ಲ. ಹಂಗಾದ್ರೆ ತಪ್ಪು ನಿಮ್ಮದೇ. ಹೌದೋ, ಅಲ್ಲವೋ?" ಆಕೆ ಅಲ್ಲ ಎನ್ನುತ್ತಾರೆ, ಆಗ ಒಂದೊಂದಾಗಿ ಬಿಡಿಸಿ ಸುಳ್ಳುಗಾತಿ ಮಾಡಬಹುದು ಎಂದು ಅವರ ಲೆಕ್ಕ.

"ಹೌದ್ರಿ" ಎಂದರು ಶಶಿಕಲಾ. "ಸೆರಗು ನಂದು, ತಲೆ ನಂದು, ನಾನೇ ನೋಡ್ಕಬೇಕಿತ್ತು. ಹೂ ಹಾಳಾಗ್ತಾವೆ ಅಂತ ಹೆಲ್ಮೆಟ್ ಬ್ಯಾಡ ಅಂದಾಕಿನೂ ನಾನೇ. ಅದನ್ನ ಬರಕೊಳ್ರಿ." ಆಮೇಲೆ ನ್ಯಾಯಾಧೀಶರ ಕಡೆ ತಿರುಗಿದರು. "ನಂದು ನಾನು ಒಪ್ಪಿಕೊಂಡೀನಿ ಸ್ವಾಮಿ. ಅವರದ್ದು ಅವರ ಬಾಯಿಂದ ಕೇಳಾಕ ಬಂದೀನಿ."

ವಕೀಲರು ಕೂತರು. ಮಧ್ಯಾಹ್ನ ಮಂಜುನಾಥ ತಪ್ಪೊಪ್ಪಿಕೊಳ್ಳುತ್ತೇನೆ ಎಂದ. ನ್ಯಾಯಾಧೀಶರು ಏನೇನು ತಪ್ಪು ಎಂದು ಬಿಡಿಸಿ ಕೇಳಿದರು, ಅವನು ಎಲ್ಲರ ಮುಂದೆ ಒಂದೊಂದಾಗಿ ಹೇಳಬೇಕಾಯಿತು. ದಂಡ ಹಾಕಿದರು, ಜೈಲಿಗೆ ಕಳಿಸಲಿಲ್ಲ. ಕಾನೂನಿನ ತೂಕದಲ್ಲಿ ಅದು ಸಣ್ಣ ಶಿಕ್ಷೆ. ಅವನು ಹೇಳುವಾಗ ಹನುಮಂತಪ್ಪನವರು ಕೇಳುತ್ತಿದ್ದರು, ಚಂದ್ರಪ್ಪ ಕೇಳುತ್ತಿದ್ದರು. ನನಗೆ ಆದ ಸಂತೋಷ ಸಜ್ಜನರ ಸಂತೋಷವಲ್ಲ ಎಂದು ಗೊತ್ತಿದ್ದೂ ಮನಸಾರೆ ಪಟ್ಟೆ.

ಹೊರಗೆ ಬಂದ ಮೇಲೆ ಅವನು ಹೆಂಡತಿಯನ್ನು ಕೇಳಿದ. "ಕಾಲು ಹೋತು ಅಂತ ಇಷ್ಟು ಸೇಡೇನೆ ನನ್ನ ಮ್ಯಾಲೆ?"

"ಕಾಲಿನ ಸಲುವಾಗಿ ಅಲ್ಲ" ಎಂದರು ಆಕೆ. "ಕಾಲಿಂದು ಅರ್ಧ ನಂದೂ ತಪ್ಪೈತೆ. ಎತ್ತಿಕೊಂಡು ಬಂದೋರನ್ನ ಹೊಡಿಸಿದ್ರಲ್ಲ, ಅದರ ಸಲುವಾಗಿ."

ಕನ್ನಡಿ ಬೇಕು, ಗಾರ್ಡ್ ಬೇಕು, ಇಬ್ಬರಿಗೂ ಹೆಲ್ಮೆಟ್ ಬೇಕು ಎಂದು ನಾನು ಸರ್ವೀಸಿನ ಉದ್ದಕ್ಕೂ ಶಾಲೆ ಕಾಲೇಜುಗಳಲ್ಲಿ ಭಾಷಣ ಮಾಡಿದವಳು. ಕೇಳಿದವರು ಚಪ್ಪಾಳೆ ತಟ್ಟಿ, ಹೆಲ್ಮೆಟ್ಟನ್ನು ಮೊಣಕೈಗೆ ಸಿಗಿಸಿಕೊಂಡು ಹೋದರು. ಈಗ ಯಾರಾದರೂ ಕರೆದರೆ ಭಾಷಣ ಮಾಡುವುದಿಲ್ಲ. ನಾಳೆ ನಿಮ್ಮ ಗಾಡಿ ಬಿದ್ದರೆ ಯಾರ ಹೆಸರು ಹೇಳುತ್ತೀರಿ ಎಂದಷ್ಟೇ ಕೇಳುತ್ತೇನೆ. ಸ್ವಂತ ಹೆಸರು ಹೇಳುವ ಧೈರ್ಯ ಇಲ್ಲದವರು ಗಾಡಿ ಹತ್ತಬಾರದು. ಹತ್ತಿದರೂ ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಳ್ಳಬಾರದು.